ತೆಂಕು ಬದಿಯ ಚಕ್ರ

ಕಜೆಟನ್ ಪೊರ್ಬುಗಳನ್ನು ನಾನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಎರಡು ಕಾಲು ಮಾತ್ರ. ಉಳಿದದ್ದೆಲ್ಲ ಒಂದು ಕಪ್ಪು ಕಾರಿನ ಅಡಿಯಲ್ಲಿತ್ತು. ಅದು ಐವತ್ತಮೂರನೇ ಇಸವಿ, ನವರಾತ್ರಿ ಮುಗಿದು ನಾಲ್ಕು ದಿನವಾಗಿತ್ತು. ನನ್ನ ಗಂಡ ಚೆನ್ನಪ್ಪ ಹೆಂಚಿನ ಕಾರ್ಖಾನೆಯ ಧಣಿಗಳ ಮನೆಯಲ್ಲಿ ಡ್ರೈವರು. ಕಾರು ರಿಪೇರಿಗೆ ಬಿಟ್ಟಿದ್ದೇನೆ, ಮಧ್ಯಾಹ್ನದ ಗಂಜಿ ಅಲ್ಲಿಗೇ ತಾ ಎಂದಿದ್ದರು. ಕಂಕನಾಡಿಯಿಂದ ಪಂಪ್‌ವೆಲ್ ಕಡೆಗೆ ಇಳಿಯುವ ದಾರಿಯಲ್ಲಿ ಆ ಗ್ಯಾರೇಜು. ಹೋಗಿ ನೋಡಿದರೆ ಗಂಡ ಇಲ್ಲ, ಚಹಾ ಕುಡಿಯಲು ಹೋಗಿದ್ದರು.

ಕಾರಿನ ಅಡಿಯಿಂದ ಮಾತು ಬಂತು. "ಯಾರದು, ಬರಿಗಾಲು? ಚೆನ್ನಪ್ಪ ಅಲ್ಲವಲ್ಲ."

"ಅವರ ಮನೆಯವಳು. ಗಂಜಿ ತಂದೆ."

"ಒಳ್ಳೇದಾಯ್ತು. ಗಂಜಿ ಆಚೆ ಇಡು. ಕಾರಿನೊಳಗೆ ಕೂತು ಬ್ರೇಕ್ ಒತ್ತು."

"ಬ್ರೇಕ್ ಅಂದ್ರೆ ಎಂತ?"

"ಕಾಲಡಿಯಲ್ಲಿ ಮೂರು ಉಂಟು. ನಡುವಿನದ್ದು."

ನಾನು ಕಡಲ ಬದಿಯ ಬೆಂಗ್ರೆಯವಳು. ದೋಣಿಯಲ್ಲಿ ಕುಳಿತಿದ್ದೆ, ಕಾರಿನಲ್ಲಿ ಕುಳಿತವಳಲ್ಲ. ಧಣಿಗಳ ಸೀಟಿಗೆ ಸೀರೆ ತಾಗಬಾರದೆಂದು ತುದಿಯಲ್ಲಿ ಕುಳಿತು ನಡುವಿನದ್ದನ್ನು ಎರಡೂ ಕಾಲಿನಿಂದ ಒತ್ತಿದೆ. ಪೊರ್ಬುಗಳು ಹೊರಗೆ ಬಂದರು. ಜಾಕಿಯ ಮೇಲೆ ಎತ್ತಿದ್ದ ಮುಂದಿನ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು, ಕಣ್ಣು ಮುಚ್ಚಿ ಅಲುಗಿಸಿದರು. "ಹೂಂ" ಎಂದು ಹೇಳಿ ಏನೋ ಹುಡುಕಲು ಹಿಂದಿನ ಕೋಣೆಗೆ ಹೋದವರು ಅಲ್ಲೇ ಉಳಿದರು. ಅಷ್ಟರಲ್ಲಿ ಗಂಡ ಬಂದು, ನನ್ನನ್ನು ಅಲ್ಲಿ ಕಂಡು ನಗಲು ಸುರು ಮಾಡಿದರು. ಪೊರ್ಬುಗಳೂ ಓಡಿ ಬಂದರು.

"ಇನ್ನೂ ಒತ್ತಿಕೊಂಡೇ ಇದ್ದೀಯಾ ಮಾರಾಯ್ತಿ?"

"ಬಿಡು ಅಂತ ನೀವು ಹೇಳಲಿಲ್ಲ."

ಅರ್ಧ ಗಂಟೆಯಾಗಿತ್ತು. ನನ್ನ ಕಾಲು ಮರಗಟ್ಟಿತ್ತು. ಪೊರ್ಬುಗಳು ನನ್ನ ಗಂಡನ ಕಡೆ ತಿರುಗಿ, "ಚೆನ್ನಪ್ಪಾ, ನಿನ್ನ ಕಾರು ತಗೊಂಡು ಹೋಗು, ಈ ಕಾಲನ್ನು ಇಲ್ಲಿ ಬಿಟ್ಟು ಹೋಗು" ಎಂದರು. ಹಾಗೆ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಬಿಚ್ಚಿದ ಸಾಮಾನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಗೋಣಿಯ ಮೇಲೆ ಜೋಡಿಸುವುದು, ಹೇಳಿದಾಗ ಬ್ರೇಕ್ ಒತ್ತುವುದು. ಇಷ್ಟೇ ನನ್ನ ಕೆಲಸ.

ಬ್ರೇಕ್ ಯಾಕೆ ಒತ್ತಬೇಕೆಂದು ಅವರೇ ಒಂದು ದಿನ ತಿಳಿಸಿಕೊಟ್ಟರು. ಎತ್ತಿದ ಚಕ್ರ ಅಲುಗಿದರೆ ಅದರೊಳಗಿನ ಬೇರಿಂಗು ಸಡಿಲವಾಗಿರಬಹುದು, ಇಲ್ಲವೇ ಚಕ್ರ ಎಡಬಲಕ್ಕೆ ತಿರುಗುವ ಉಕ್ಕಿನ ಗೂಟ, ಅಂದರೆ ಕಿಂಗ್ ಪಿನ್ನು, ತನ್ನ ಸುತ್ತಲಿನ ಕಂಚಿನ ಬಳೆಯಲ್ಲಿ, ಅಂದರೆ ಬುಷ್ಷಿನಲ್ಲಿ, ಸಡಿಲವಾಗಿರಬಹುದು. ಬ್ರೇಕ್ ಒತ್ತಿದ ಮೇಲೆ ಅಲುಗುವುದು ನಿಂತರೆ ಬೇರಿಂಗು. ಒತ್ತಿದರೂ ಅಲುಗಿದರೆ ಪಿನ್ನು. "ಡಾಕ್ಟರು ಮೂಗಿನ ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಉಸಿರು ಬಿಡು ಅಂತಾರಲ್ಲ, ಹಾಗೆ" ಎಂದರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು ಅವರು. ಮದುವೆಯಾಗಿರಲಿಲ್ಲ, ಅಕ್ಕ ಮಗ್ದಲೀನ್‌ಬಾಯಿಯ ಜೊತೆ ವಾಸ. ಉದ್ದ ಮನುಷ್ಯ, ಮಾತು ಕಡಿಮೆ. ಎಂಜಿನು ನೋಡುವವರು ಊರಲ್ಲಿ ಬೇಕಾದಷ್ಟು ಇದ್ದರು. ಗಾಡಿ ನೇರ ಹೋಗುವುದಿಲ್ಲ, ಸ್ಟೇರಿಂಗು ಕೈಯಲ್ಲಿ ನಿಲ್ಲುವುದಿಲ್ಲ ಎಂದರೆ ಮಾತ್ರ ಕೂಳೂರಿನ ಆಚೆಯಿಂದಲೂ ಡ್ರೈವರುಗಳು ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಎಡ, ಬಲ ಎನ್ನುವ ಮಾತು ಆಡಬಾರದು. ನಾನು ಸೇರುವ ಮೊದಲು ಪಕ್ಕದಲ್ಲಿ ಕಬ್ಬಿಣ ಕಡೆಯುವ ಲೇತಿನ ಗ್ರೆಗರಿ ಒಮ್ಮೆ ಎಡಗಡೆಯ ಬ್ರೇಕು ಸರಿಮಾಡು ಎಂದರೆ ಬಲಗಡೆಯದ್ದನ್ನು ಬಿಚ್ಚಿಟ್ಟಿದ್ದನಂತೆ. ಡ್ರೈವರು ಸೀಟಿನಲ್ಲಿ ಕುಳಿತು ಎಡ ಎನ್ನುತ್ತಾನೆ, ಮೆಕ್ಯಾನಿಕ್ಕು ಗಾಡಿಗೆ ಎದುರು ನಿಂತು ಎಡ ಎನ್ನುತ್ತಾನೆ, ಎರಡೂ ಬೇರೆ ಬೇರೆ. ಅಂದೇ ಪೊರ್ಬುಗಳು ಹೇಳಿದರಂತೆ, "ಇಲ್ಲಿ ತೆಂಕು, ಬಡಗು. ಅಷ್ಟೇ." ಶೆಡ್ಡಿನ ಬಾಗಿಲು ಮೂಡು ದಿಕ್ಕಿಗೆ, ರಸ್ತೆಗೆ. ಕಿಟಕಿ, ಸಾಮಾನಿನ ಮೇಜು, ಇಳಿದು ನೋಡುವ ಗುಂಡಿ ಎಲ್ಲ ಪಡುಗೋಡೆಯ ಹತ್ತಿರ. ಹಾಗಾಗಿ ಯಾವ ಗಾಡಿ ಬಂದರೂ ಮುಖ ಪಡುವಣಕ್ಕೆ ಮಾಡಿಯೇ ನಿಲ್ಲುವುದು. ತೆಂಕು ಬದಿಯ ಚಕ್ರ ಎಂದರೆ ಎಡ ಚಕ್ರ, ಯಾರು ಎಲ್ಲಿ ನಿಂತು ಹೇಳಿದರೂ ಅದೇ. ನನಗೆ ಇದು ಹೊಸತಲ್ಲ. ಬೆಂಗ್ರೆಯಲ್ಲಿ ದೋಣಿ ಎಳೆಯುವಾಗ ಮಾತ್ರವಲ್ಲ, ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗಲೂ ನಾವು "ಸ್ವಲ್ಪ ತೆಂಕಕ್ಕೆ ಸರಿ" ಎಂದೇ ಹೇಳುವವರು. ಐದು ವರ್ಷ ಆ ಶೆಡ್ಡಿನಲ್ಲಿ ಒಂದು ತಪ್ಪೂ ಆಗಲಿಲ್ಲ.

ಐವತ್ತೊಂಬತ್ತರ ಜನವರಿಯಲ್ಲಿ ಧಣಿಗಳ ಮಗ ಲ್ಯಾನ್ಸಿಗೆ ಓಟದ ಹುಚ್ಚು ಹಿಡಿಯಿತು. ಅವನನ್ನು ನಾವು ಸಣ್ಣ ಧಣಿ ಎನ್ನುತ್ತಿದ್ದೆವು. ಎಂಟು ಸಿಲಿಂಡರಿನ ಒಂದು ಹಳೇ ಅಮೆರಿಕದ ಕಾರು ಸಿಕ್ಕಿತ್ತು. ಅದರ ಮಡ್‌ಗಾರ್ಡು, ಹಿಂದಿನ ಸೀಟು, ಬಾಗಿಲು ಎಲ್ಲ ಕಿತ್ತು ಹಗುರ ಮಾಡಿಸಿದ. ಅಕ್ಕಿ ಮಿಲ್ಲಿನವರ ಮಗನ ಹತ್ತಿರವೂ ಅಂಥದೇ ಒಂದು. ಪಣಂಬೂರಿನಲ್ಲಿ, ಈಗ ಬಂದರು ಇರುವ ಕಡೆ, ಆಗ ಬರೀ ಹೊಯಿಗೆ, ಕಡಲ ಮರಳು. ಇಳಿತದ ಹೊತ್ತಿಗೆ ನೀರು ಬಿಟ್ಟುಕೊಟ್ಟ ಹೊಯಿಗೆ ಸಿಮೆಂಟಿನ ಹಾಗೆ ಗಟ್ಟಿ. ಅಲ್ಲಿ ಎರಡೂ ಕಾರು ಅಕ್ಕಪಕ್ಕ ನಿಲ್ಲುವುದು, ನಿಂತಲ್ಲಿಂದ ಒಮ್ಮೆಲೇ ಹೊರಟು ಅರ್ಧ ಮೈಲು ನೇರ ಓಡುವುದು. ಬಿಡುವವರು ನನ್ನ ಗಂಡ. ದೊಡ್ಡ ಧಣಿಗಳು ಮಗನಿಗೆ ಸ್ಟೇರಿಂಗು ಮುಟ್ಟಬಾರದೆಂದು ಆಣೆ ಹಾಕಿಸಿದ್ದರು. ಡ್ರೈವರಿಗೆ ಯಾರ ಆಣೆಯೂ ಇರಲಿಲ್ಲ.

ಓಟ ಯಾವಾಗ ಇಡುವುದೆಂದು ಸಣ್ಣ ಧಣಿ ನನ್ನನ್ನೇ ಕೇಳಿದ. "ಅಮ್ಮಣಿ, ನೀನು ಕಡಲಿನವಳು. ಇಳಿತ ಯಾವಾಗ ಹೇಳು." ಅಮಾವಾಸ್ಯೆಯ ಮರುದಿನ ಭಾನುವಾರ, ಸಂಜೆ ಐದರ ಹೊತ್ತಿಗೆ ಪೂರಾ ಇಳಿತ ಎಂದು ನಾನು ಹೇಳಿದೆ. ಆ ಲೆಕ್ಕ ತಪ್ಪಲಿಲ್ಲ.

ಓಟಕ್ಕೆ ಐದು ದಿನ ಇರುವಾಗ, ಮಂಗಳವಾರ, ಗಂಡ ಕಾರನ್ನು ಹೊಯಿಗೆಯಲ್ಲಿ ಓಡಿಸಿ ನೋಡಿ ಸೀದಾ ಗ್ಯಾರೇಜಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ಎಂತ ಆಯ್ತು ಚೆನ್ನಪ್ಪ?"

"ನಲವತ್ತೈದರವರೆಗೆ ಪಾಪದ ಹಾಗೆ ಇರ್ತದೆ ಪೊರ್ಬುಗಳೇ. ಐವತ್ತು ಮೈಲು ದಾಟಿದ್ರೆ ಭೂತ ಬಂದ ಹಾಗೆ ತಲೆ ಆಡಿಸ್ತದೆ. ಸ್ಟೇರಿಂಗ್ ಹಿಡಿದ್ರೆ ನನ್ನ ಹಲ್ಲು ಕಟಕಟ ಹೇಳ್ತದೆ."

"ಬ್ರೇಕ್ ಹಾಕಿದಾಗ ಮಾತ್ರವಾ?"

"ಹಾಕದಿದ್ರೂ ಬರ್ತದೆ. ವೇಗ ಇಳಿಸಿದ್ರೆ ನಿಲ್ತದೆ."

"ಒಂದು ಕಡೆಗೆ ಎಳೀತದಾ?"

"ಎಳೆಯುವುದಿಲ್ಲ, ತೇಲ್ತದೆ. ಚುಕ್ಕಾಣಿ ಇಲ್ಲದ ದೋಣಿಯ ಹಾಗೆ."

ಪೊರ್ಬುಗಳು ಬೀಡಿ ಆರಿಸಿದರು. "ಹಾಗಾದ್ರೆ ರೋಗ ಒಂದಲ್ಲ. ತೇಲುವುದು ಬೇರೆ, ನಡುಗುವುದು ಬೇರೆ. ಎರಡನ್ನೂ ಒಂದೇ ಅಂತ ಹಿಡಿದ್ರೆ ಮನುಷ್ಯ ಸಾಯ್ತಾನೆ."

ಮೊದಲು ತೇಲುವುದನ್ನು ನೋಡಿದರು. ಕಾರಿನಿಂದ ಹತ್ತು ಹೆಜ್ಜೆ ದೂರ ಹೋಗಿ ಕುಕ್ಕರುಗಾಲಲ್ಲಿ ಕುಳಿತು ಅದರ ಬದಿಯನ್ನೇ ತುಂಬ ಹೊತ್ತು ನೋಡಿದರು. ಸಣ್ಣ ಧಣಿ ಹಿಂದಕ್ಕೆ ಲಾರಿಯ ದೊಡ್ಡ ಟಯರು ಹಾಕಿಸಿದ್ದ. ಬಾಲ ಎದ್ದು ಮೂಗು ನೆಲಕ್ಕೆ ಬಾಗಿತ್ತು. ಗೋಡೆಗೆ ಒರಗಿಸಿದ್ದ ಸೈಕಲನ್ನು ನನಗೆ ತೋರಿಸಿದರು. "ಮುಂದಿನ ಚಕ್ರದ ಕವಲು ನೋಡು, ಹಿಂದಕ್ಕೆ ಒರಗಿ ಉಂಟು. ಅದಕ್ಕೇ ಕೈ ಬಿಟ್ಟರೂ ಸೈಕಲು ನೇರ ಹೋಗ್ತದೆ. ಕಾರಿನ ಪಿನ್ನೂ ಹಾಗೇ ಒರಗಿರಬೇಕು. ಇವನು ಬಾಲ ಎತ್ತಿ ಅದನ್ನು ನೆಟ್ಟಗೆ ಮಾಡಿದ್ದಾನೆ. ಪಾಪದ ಗಾಡಿಗೆ ದಾರಿ ಹೇಗೆ ಗೊತ್ತಾಗಬೇಕು?" ಬುಧವಾರ ಇಡೀ ದಿನ ಮುಂದಿನ ಸ್ಪ್ರಿಂಗಿನ ಅಡಿಗೆ ಕಬ್ಬಿಣದ ಬೆಣೆ ಕೊಟ್ಟು ಪಿನ್ನನ್ನು ಹಿಂದಕ್ಕೆ ಒರಗಿಸಿದರು. ಆಮೇಲೆ ನನ್ನ ಬಲೆಯ ನೂಲು ತರಿಸಿ ಮುಂದಿನ ಎರಡು ಚಕ್ರಗಳ ನಡುವಿನ ದೂರ ಅಳೆದರು, ಮುಂದುಗಡೆ ಒಂದು ಸಲ, ಹಿಂದುಗಡೆ ಒಂದು ಸಲ. ನೂಲಿನ ಒಂದು ತುದಿ ನನ್ನ ಕೈಯಲ್ಲಿ. ಮುಂದುಗಡೆ ಕಾಲಿಂಚು ಹೆಚ್ಚು ಅಗಲ ಇತ್ತು. ಮುಂದೆ ಬೆಂಕಿಕಡ್ಡಿಯ ದಪ್ಪದಷ್ಟು ಕಿರಿದಾಗಿರಬೇಕಂತೆ. ಅದನ್ನೂ ಸರಿಮಾಡಿದರು.

ಗುರುವಾರ ಬೆಳಿಗ್ಗೆ ನಡುಗುವುದನ್ನು ಹಿಡಿದರು. ನಾನು ಒಳಗೆ ಕುಳಿತು ಬ್ರೇಕ್ ಒತ್ತಿದೆ. ತೆಂಕು ಬದಿಯ ಚಕ್ರವನ್ನು ಅವರು ಕಣ್ಣು ಮುಚ್ಚಿ ಮೂರು ಸಲ ಅಲುಗಿಸಿದರು. ಆ ಸದ್ದು ನನ್ನ ಅಂಗಾಲಿಗೂ ಬಂತು, ಟಕ್, ಟಕ್, ಟಕ್. ಮತ್ತೆ ಬಡಗು ಬದಿಯದ್ದು. ಅದು ಬರೀ ಉಸಿರಾಡಿದ ಹಾಗೆ.

"ತೆಂಕು ಬದಿಯದ್ದು ಸತ್ತಿದೆ ಅಮ್ಮಣಿ. ಬಡಗು ಬದಿಯದ್ದು ಇನ್ನೊಂದು ವರ್ಷ ಹೋಗ್ತದೆ." ತೆಂಕು ಬದಿಯ ಟಯರಿನ ಮೇಲೆ ಸೀಮೆಸುಣ್ಣದಲ್ಲಿ ಶಿಲುಬೆಯ ಹಾಗೆ ಒಂದು ಗುರುತು ಹಾಕಿದರು.

ಬುಷ್ಷು ಮದ್ರಾಸಿನಿಂದ ಬರಲು ವಾರ ಬೇಕು. ಬಂದರಿನ ಒಂದು ಲಾಂಚಿನ ಮುರಿದ ಕಂಚಿನ ತುಂಡು ಗ್ರೆಗರಿಯ ಹತ್ತಿರ ಇತ್ತು. ಒಂದು ಚಕ್ರಕ್ಕೆ ಬೇಕಾದ ಎರಡು ಬುಷ್ಷು ಅದರಲ್ಲಿ ಆಗುತ್ತದೆ, ಹೆಚ್ಚಿಲ್ಲ. ಗ್ರೆಗರಿ ಅದನ್ನು ಲೇತಿಗೆ ಹಾಕಿದ. ಅಷ್ಟು ಹೊತ್ತಿಗೆ ಬಂಟ್ವಾಳದಿಂದ ಸುದ್ದಿ ಬಂತು. ಪೊರ್ಬುಗಳ ತಾಯಿ ತೀರಿಹೋಗಿದ್ದರು.

ಅವರು ಕೈ ತೊಳೆದರು. ಮಸಿ ಹೋಗಲಿಲ್ಲ. ಹಾಗೇ ಕೋಟು ಹಾಕಿಕೊಂಡು ಹೊರಗೆ ಇಳಿದವರು ಹಿಂದೆ ಬಂದರು.

"ಅಮ್ಮಣಿ, ಗ್ರೆಗರಿ ಬುಷ್ಷು ತಂದಾಗ ಹೇಳು. ತೆಂಕು ಬದಿಯ ಚಕ್ರ. ಪಿನ್ನು ಹೊಡೆದು ತೆಗೆದು ಎರಡೂ ಹೊಸತು ಹಾಕಬೇಕು. ಒಂದಕ್ಷರ ಆಚೀಚೆ ಮಾಡಬೇಡ."

"ಇಲ್ಲ ಪೊರ್ಬುಗಳೇ."

ಶುಕ್ರವಾರ ಬೆಳಿಗ್ಗೆ ಸಣ್ಣ ಧಣಿ ಫೋಟೋದವನನ್ನು ಕರೆದುಕೊಂಡು ಬಂದ. ಕಾರನ್ನು ಅಂಗಳಕ್ಕೆ ತಳ್ಳಿದರು. "ಟಯರು ಕರೀ ಮಿಂಚಬೇಕು ಅಮ್ಮಣಿ" ಎಂದ. ನಾಲ್ಕು ಕೊಡ ನೀರು ಹೊಯ್ದು ನಾನೇ ತೊಳೆದೆ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ. ಸೀಮೆಸುಣ್ಣದ ಗುರುತು ಹೋಯಿತು. ಹೋಗುವುದನ್ನು ನೋಡಿದೆ. ಮಾತು ನನ್ನ ಬಾಯಲ್ಲಿ ಇದೆಯಲ್ಲ ಎಂದು ಧೈರ್ಯ. ಸೇವಂತಿಗೆ ಹಾರ ಹಾಕಿದರು, ಗಂಡ ಪಕ್ಕದಲ್ಲಿ ನಿಂತರು, ಫೋಟೋ ಆಯಿತು. "ಇನ್ನು ಬಾಲ ಮುಂದೆ ಮಾಡಿ ಒಳಗೆ ತಳ್ಳಿ. ಭಾನುವಾರ ಸೀದಾ ಹೊರಡಬಹುದು" ಎಂದ ಸಣ್ಣ ಧಣಿ. ತಳ್ಳಿದರು. ನಾನೂ ಕೈ ಕೊಟ್ಟೆ.

ಮಧ್ಯಾಹ್ನ ಗ್ರೆಗರಿ ಬುಷ್ಷು ಹಿಡಿದುಕೊಂಡು ಬಂದ. "ಯಾವುದು ಅಮ್ಮಣಿ?"

"ತೆಂಕು ಬದಿಯ ಚಕ್ರ. ಪಿನ್ನು ಹೊಡೆದು ತೆಗೆದು ಎರಡೂ ಹೊಸತು ಹಾಕಬೇಕು."

"ಸರಿಯಾಗಿ ನೆನಪುಂಟಾ?"

"ನನಗೆ ಮರೆತದ್ದು ಯಾವಾಗ ಗ್ರೆಗರಿಯಣ್ಣ?" ಎಂದು ತೆಂಕುಗೋಡೆಯ ಬದಿಗೆ ಹೋಗಿ ಆ ಚಕ್ರದ ಮೇಲೆ ಕೈಯಿಟ್ಟೆ.

ಅವನು ಬಿಚ್ಚಿದ. ಹಳೇ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿ, "ಸವೆದಿದೆ. ಆದ್ರೆ ಸತ್ತಿದೆ ಅನ್ನುವಷ್ಟಿಲ್ಲ ಮಾರಾಯ್ತಿ" ಎಂದ. ಇನ್ನೊಂದು ಚಕ್ರಕ್ಕೆ ಕೈ ಹಾಕಿ ನೋಡಬಹುದಿತ್ತು. ಕಜೆಟನ್ ನೋಡಿದ್ದನ್ನು ಮತ್ತೆ ನೋಡುವವರು ಮಂಗಳೂರಲ್ಲಿ ಆಗ ಯಾರೂ ಇರಲಿಲ್ಲ. "ಅವನ ಕೈಗೆ ಗೊತ್ತಾದದ್ದು ನನ್ನ ಕಣ್ಣಿಗೆ ಹೇಗೆ ಗೊತ್ತಾಗಬೇಕು" ಎಂದು ಹೊಸತು ಬಡಿದು ಕೂರಿಸಿದ.

ಶನಿವಾರ ಗಂಡ ಪಂಪ್‌ವೆಲ್ ತನಕ ಓಡಿಸಿ ನೋಡಿದರು. ಆ ರಸ್ತೆಯಲ್ಲಿ ನಲವತ್ತು ಮೈಲಿಗಿಂತ ಹೆಚ್ಚು ಓಡಿಸಲು ಆಗುವುದಿಲ್ಲ. "ತೇಲುವುದು ಪೂರಾ ಹೋಯ್ತು ಅಮ್ಮಣಿ. ಸ್ಟೇರಿಂಗು ಬೆಣ್ಣೆ. ಪೊರ್ಬುಗಳು ಬಂದ ಮೇಲೆ ಒಂದು ಕೋಳಿ ಕೊಡಬೇಕು" ಎಂದರು.

ಓಟ ನೋಡಲು ನಾನು ಹೋಗಲಿಲ್ಲ, ಹೆಂಗಸರು ಹೋಗುವ ಜಾಗ ಅಲ್ಲ ಎಂದರು. ಆದದ್ದನ್ನು ದುಗ್ಗಪ್ಪ ಹೇಳಿದ, ಅವನು ಕಾರ್ಖಾನೆಯ ಲಾರಿ ಡ್ರೈವರು. ಎರಡೂ ಕಾರು ಬಡಗು ಮುಖವಾಗಿ ಹೊರಟವು, ಕಡಲು ಎಡಗಡೆಗೆ. ಅರ್ಧ ದಾರಿಯಲ್ಲಿ ನನ್ನ ಗಂಡ ಒಂದು ಕಾರಿನಷ್ಟು ಮುಂದೆ ಇದ್ದರು. ಆಗ ಎಡ ಚಕ್ರ ನಡುಗಲು ಸುರುವಾಯಿತು. ದೂರದಲ್ಲಿ ನಿಂತವರಿಗೂ ಕಾಣುವಷ್ಟು ನಡುಗಿ, ಚಕ್ರವನ್ನು ತಿರುಗಿಸುವ ಕಬ್ಬಿಣದ ತೋಳು ತುಂಡಾಗಿ, ಚಕ್ರ ಅಡ್ಡ ಮಲಗಿತು. ಕಾರು ಕಡಲಿನ ಕಡೆಗೆ ತಿರುಗಿ ಎರಡು ಸಲ ಮಗುಚಿ ನೀರಿನಲ್ಲಿ ಬಿತ್ತು. ಗಂಡ ಅಡಿಯಲ್ಲಿ ಸಿಕ್ಕಿಕೊಂಡರು. ಜನ ಓಡಿ ಬಂದು ಎತ್ತುವಷ್ಟರಲ್ಲಿ ಹೋಗಿತ್ತು. ಏಟಿನಿಂದ ಅಲ್ಲ, ನೀರು ಕುಡಿದು. ದುಗ್ಗಪ್ಪ ತನ್ನ ಕಾಲಿನಲ್ಲಿ ತೋರಿಸಿದ, ಮೊಣಕಾಲು ಮುಳುಗದಷ್ಟು ನೀರು. ನನ್ನ ಅಪ್ಪ, ಅಣ್ಣ ಎಲ್ಲ ಅಳಿವೆಯ ಬಾಯಿ ದಾಟಿ ಆಳ ಕಡಲಿಗೆ ಹೋಗಿ ಜೀವ ಹಿಡಿದು ಬಂದವರು.

ಸೋಮವಾರ ಪೊಲೀಸರ ಜೊತೆ ಗಾಡಿ ಪರೀಕ್ಷೆ ಮಾಡುವ ಆಫೀಸರು ಬಂದರು. ಹೊಸ ಬುಷ್ಷು ಬಲ ಚಕ್ರಕ್ಕೆ, ಸವೆದು ಸತ್ತದ್ದು ಎಡ ಚಕ್ರದಲ್ಲಿ. "ಯಾರು ನೋಡಿದ್ದು ಇದನ್ನು?" ಎಂದು ಕೇಳಿದರಂತೆ. ಅದೇ ಬೆಳಿಗ್ಗೆ ಬಂಟ್ವಾಳದಿಂದ ಬಂದಿದ್ದ ಪೊರ್ಬುಗಳು, "ನಾನು" ಎಂದರು. ಗ್ರೆಗರಿ, "ಕಜೆಟನ್ ಹೇಳಿದ ಚಕ್ರಕ್ಕೇ ನಾನು ಹಾಕಿದ್ದು" ಎಂದ. ಪೊರ್ಬುಗಳು ಅದಕ್ಕೂ ಇಲ್ಲವೆನ್ನಲಿಲ್ಲ. ಸಂಜೆ ನಮ್ಮ ಅಂಗಳಕ್ಕೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತರು.

"ಅಮ್ಮಣಿ, ನಾನು ಹೇಳಿದ್ದನ್ನೇ ನೀನು ಗ್ರೆಗರಿಗೆ ಹೇಳಿದ್ದಾ?"

"ಒಂದಕ್ಷರ ಬಿಡಲಿಲ್ಲ ಪೊರ್ಬುಗಳೇ."

ಅವರು ತಲೆಯಾಡಿಸಿದರು. "ನೀನು ಬಿಡುವವಳಲ್ಲ. ಹಾಗಾದ್ರೆ ತಪ್ಪು ನನ್ನದೇ. ಕೈ ತಪ್ಪಿತಾ, ಬಾಯಿ ತಪ್ಪಿತಾ, ಅದು ಮಾತ್ರ ಗೊತ್ತಾಗುವುದಿಲ್ಲ."

 ಅವರ ಕೈಯೇ ತಪ್ಪಿದ್ದು ಎಂದು ನಾನೂ ನಂಬಿದ್ದೆ. ಅವರು ತೆಂಕು ಎಂದರು, ನಾನು ತೆಂಕು ಎಂದೆ, ಗ್ರೆಗರಿ ತೆಂಕು ಬದಿಗೇ ಹಾಕಿದ. ಮತ್ತೆ ಬೇರೆ ಎಂತ ಇರಲು ಸಾಧ್ಯ?

ಕೇಸು ಆಗಲಿಲ್ಲ, ಧಣಿಗಳಿಗೆ ಮಗನ ಹೆಸರು ಎಲ್ಲೂ ಬರುವುದು ಬೇಡವಾಗಿತ್ತು. ಆದರೆ ಊರಿನ ಬಾಯಿಗೆ ಯಾರು ಬೀಗ ಹಾಕುತ್ತಾರೆ. ಹಂಪನಕಟ್ಟೆಯಲ್ಲಿ ಟ್ಯಾಕ್ಸಿ ಡ್ರೈವರುಗಳು ಅವರನ್ನು ಕಂಡರೆ ಕುಂಟುತ್ತಾ ಎದುರು ಬರುತ್ತಿದ್ದರು. "ಪೊರ್ಬುಗಳೇ, ಎಡಗಾಲು ನೋಯ್ತದೆ. ಬಲಗಾಲಿಗೆ ಮದ್ದು ಉಂಟಾ?" ಅವರು ನಿಂತು ಕೇಳಿಸಿಕೊಂಡು, ಹೌದು ಎನ್ನುವ ಹಾಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ನಾನು ಪುನಃ ಕೆಲಸಕ್ಕೆ ಹೋದೆ. ಚಕ್ರ ಅಲುಗಿಸುವಾಗ ಕಣ್ಣು ಮುಚ್ಚುವುದನ್ನು ಅವರು ಬಿಟ್ಟಿದ್ದರು. ಮೂರು ಸಲ ಅಲ್ಲ, ಹತ್ತು ಸಲ ಅಲುಗಿಸುವುದು, ಆಮೇಲೆ ಗಾಡಿ ತಂದವನನ್ನೇ, "ನೀನೂ ಹಿಡಿದು ನೋಡು, ಅಲುಗ್ತದಾ?" ಎಂದು ಕೇಳುವುದು. ಮೆಕ್ಯಾನಿಕ್ಕೇ ಹಾಗೆ ಕೇಳಿದರೆ ಯಾರು ಗಾಡಿ ಬಿಡುತ್ತಾರೆ? ಅರುವತ್ತರಲ್ಲಿ ಗ್ರೆಗರಿ ಬಹರೈನಿಗೆ ಹೋದ. ಅರುವತ್ತೊಂದರಲ್ಲಿ ಪೊರ್ಬುಗಳು ಗುಂಡಿಗೆ ಹಲಗೆ ಮುಚ್ಚಿಸಿ, ಅದೇ ಶೆಡ್ಡಿನಲ್ಲಿ ಸೈಕಲು ರಿಪೇರಿಗೆ ಕುಳಿತರು. ನಾನು ಮನೆಯಲ್ಲಿ ಬೀಡಿ ಕಟ್ಟಲು ಸುರು ಮಾಡಿದೆ. ಸತ್ತವರ ದಿನ ನವೆಂಬರಿನಲ್ಲಿ ಅವರು ಇಗರ್ಜಿಯಲ್ಲಿ ತಾಯಿಗೊಂದು, ನನ್ನ ಗಂಡನಿಗೊಂದು ಮೇಣದಬತ್ತಿ ಹಚ್ಚಿ, ಅಲ್ಲಿಂದ ಸೀದಾ ನಮ್ಮಲ್ಲಿಗೆ ಬಂದು, ಜಗಲಿಯಲ್ಲಿ ಕುಳಿತು ಹೋಗುತ್ತಿದ್ದರು. ಏಳುವಾಗ ಪ್ರತಿ ವರ್ಷ ಅದೇ ಮಾತು, "ಕೈಯಾ, ಬಾಯಾ, ಗೊತ್ತಾಗುವುದಿಲ್ಲ ಅಮ್ಮಣಿ."

ಗಂಡನದ್ದು ಎಂದು ನನ್ನ ಹತ್ತಿರ ಇದ್ದದ್ದು ಆ ಶುಕ್ರವಾರದ ಫೋಟೋ ಒಂದೇ. ಸಣ್ಣ ಧಣಿ ಕಟ್ಟು ಹಾಕಿಸಿ ಕಳಿಸಿದ್ದ. ಅರುವತ್ತನಾಲ್ಕರ ದೀಪಾವ‍ಳಿಗೆ ಮೊದಲು ಗೋಡೆಗೆ ಸುಣ್ಣ ಹೊಡೆಯಲೆಂದು ಅದನ್ನು ಕೆಳಗಿಳಿಸಿ ತೊಡೆಯ ಮೇಲಿಟ್ಟು ಒರೆಸಿದೆ. ಐದು ವರ್ಷ ನಾನು ಅದರಲ್ಲಿ ಅವರ ಮುಖ ಮಾತ್ರ ನೋಡಿದ್ದೆ. ಅಂದು ಗಾಜು ಒರೆಸುತ್ತಾ ಅಂಚಿನವರೆಗೂ ಕಣ್ಣು ಹೋಯಿತು. ಕಾರಿನ ಮೂಗು, ಹಾರ, ಎರಡು ದೀಪ ಎಲ್ಲ ನನ್ನ ಕಡೆಗೆ. ಅದರ ಹಿಂದೆ ಶೆಡ್ಡಿನ ಬಾಗಿಲು. ಕಾರಿನ ಬಾಲ ಬಾಗಿಲಿನ ಕಡೆಗೆ.

ಹಾಗೇ ಹಿಂದಕ್ಕೆ ತಳ್ಳಿದ್ದು. ಮುಖ ಮೂಡಣಕ್ಕೆ. ನಾನೂ ಕೈ ಕೊಟ್ಟಿದ್ದೆ.

ಒಲೆಯ ಹತ್ತಿರದ ಬೆಂಕಿಪೆಟ್ಟಿಗೆ ತಂದು ನೆಲದ ಮೇಲಿಟ್ಟೆ. ಅದರ ಒಂದು ತುದಿಯನ್ನು ತಲೆ ಎಂದುಕೊಂಡು ಪಡುವಣಕ್ಕೆ ಮಾಡಿ ತೆಂಕು ಬದಿಯನ್ನು ಬೆರಳಿನಿಂದ ಮುಟ್ಟಿದೆ. ಎಡ. ಮತ್ತೆ ಪೆಟ್ಟಿಗೆಯನ್ನು ತಿರುಗಿಸಿ ತಲೆ ಮೂಡಣಕ್ಕೆ ಮಾಡಿದೆ, ತೆಂಕು ಬದಿಯನ್ನು ಮುಟ್ಟಿದೆ. ಬಲ. ತೆಂಕು ಇದ್ದಲ್ಲೇ ಇತ್ತು. ತಿರುಗಿದ್ದು ಪೆಟ್ಟಿಗೆ. ಎಷ್ಟು ಸಲ ತಿರುಗಿಸಿದೆನೋ ಗೊತ್ತಿಲ್ಲ, ಪಕ್ಕದ ಮನೆಯ ಕುಶಲಾ ಬಂದು ಒಲೆಯಲ್ಲಿ ಸೀದು ಹೋಗುತ್ತಿದ್ದ ಅನ್ನ ಇಳಿಸಿದಳು.

ಅವರ ಕೈ ತಪ್ಪಿರಲಿಲ್ಲ. ಬಾಯಿಯೂ ತಪ್ಪಿರಲಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ತಂದು, ತಪ್ಪು ಚಕ್ರದ ಮೇಲೆ ಕೈಯಿಟ್ಟವಳು ನಾನು. ಗುರುತು ಒರೆಸಿದವಳೂ ನಾನು.

ಅದೇ ವಾರ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ. ಅವರು ನೀರಿನ ಬೋಗುಣಿಯಲ್ಲಿ ಸೈಕಲಿನ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟರು. "ಇಡೀ ಊರಲ್ಲಿ ನನ್ನ ಮೇಲೆ ಕೋಪ ಮಾಡಲು ಹಕ್ಕು ಇದ್ದದ್ದು ನಿನಗೆ ಒಬ್ಬಳಿಗೆ. ನೀನು ಒಂದು ಮಾತು ಅನ್ನಲಿಲ್ಲ. ಅದರ ಮೇಲೆಯೇ ನಾನು ಬದುಕಿದ್ದೇನೆ ಅಂತ ಲೆಕ್ಕ" ಎಂದರು. ಫೋಟೋ ಸೆರಗಿನೊಳಗೆ ಹಾಗೇ ಉಳಿಯಿತು. ಅದನ್ನು ತೋರಿಸಬೇಕಾದರೆ, ಗಂಡನನ್ನು ಕೊಂದವಳು ನಾನು ಎಂದು ನನ್ನ ಬಾಯಿಂದ ನಾನೇ ಹೇಳಬೇಕಿತ್ತು. ಅದು ಬರಲಿಲ್ಲ. ಮುಂದಿನ ನವೆಂಬರಿನಲ್ಲಿ ಹೇಳುತ್ತೇನೆ ಎಂದುಕೊಂಡೆ. ಅಂಥ ನವೆಂಬರು ನಾಲ್ಕು ಬಂದವು.

ಅರುವತ್ತಾರರಲ್ಲಿ ಒಂದು ದಿನ ನಾನು ಕಟ್ಟಿದ ಬೀಡಿ ಕೊಟ್ಟು ಬರುವ ದಾರಿಯಲ್ಲಿ ಶೆಡ್ಡಿನ ಮುಂದೆ ಒಂದು ಬಸ್ಸು ನಿಂತಿತ್ತು. ಅದರ ಡ್ರೈವರು ಮೊಯ್ದೀನಬ್ಬ ಬ್ಯಾರಿ ಪೊರ್ಬುಗಳ ಎದುರು ಕೈ ಮುಗಿದು ನಿಂತಿದ್ದರು.

"ಎಲ್ಲ ಕಡೆ ತೋರಿಸಿ ಆಯ್ತು ಪೊರ್ಬುಗಳೇ. ಕೂಳೂರು ಹೊಳೆಯ ಸಂಕದ ಮೇಲೆ ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ಹೋಗ್ತದೆ. ನೀವು ಒಂದು ಸಲ ಮುಟ್ಟಿ ಸಾಕು."

"ನಾನು ಸೈಕಲಿನವ ಮಾರಾಯ."

"ಐವತ್ತು ಜನ ಇರ್ತಾರೆ ಒಳಗೆ. ಮಕ್ಕಳು ಮರಿ."

ಪೊರ್ಬುಗಳು ನನ್ನನ್ನು ನೋಡಿದರು. ನಾನು ಬಸ್ಸು ಹತ್ತಿ ಬ್ರೇಕ್ ಒತ್ತಿದೆ. ಜಾಕಿ ಕೊಟ್ಟರು. ಅವರು ಚಕ್ರ ಹಿಡಿದು, ಏಳು ವರ್ಷದ ಮೇಲೆ, ಕಣ್ಣು ಮುಚ್ಚಿದರು. ಟಕ್ ಎಂದು ನನ್ನ ಅಂಗಾಲಿಗೆ ಬಂತು. ಅವರಿಗೂ ಬಂತು, ಅವರ ಮುಖದಲ್ಲಿ ಅದನ್ನು ಕಂಡೆ.   ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ನನಗೆ ಗೊತ್ತಾಗುವುದಿಲ್ಲ ಮೊಯ್ದೀನಬ್ಬ. ಬೇರೆ ಕಡೆ ತೋರಿಸಿ" ಎಂದು ಒಳಗೆ ಹೋದರು.

ನಾನು ಬಸ್ಸಿನಿಂದ ಇಳಿದು ಮೊಯ್ದೀನಬ್ಬರಿಗೆ, "ಪಿನ್ನು ಹೋಗಿದೆ. ಈಗ ಜಾಕಿ ಕೊಟ್ಟ ಈ ಚಕ್ರದ್ದೇ" ಎಂದು ಅದರ ಮೇಲೆ ಕೈಯಿಟ್ಟೆ. ದಿಕ್ಕಿನ ಹೆಸರು ಹೇಳಲಿಲ್ಲ. ಅವರು ಸರಿಮಾಡಿಸಿಕೊಂಡರು. ಬಸ್ಸು ಬಹಳ ವರ್ಷ ಓಡಿತು. ಆ ಕೈ ಸರಿಯಾಗಿತ್ತು ಎಂದು ಪೊರ್ಬುಗಳಿಗೆ ಹೋಗಿ ಹೇಳುವವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು.

ಅರುವತ್ತೆಂಟರ ಮಳೆಗಾಲ ಕಳೆಯುವಾಗ ಅವರು ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ಎಂದರು ಡಾಕ್ಟರು. ಅಕ್ಟೋಬರಿನ ಒಂದು ಮಧ್ಯಾಹ್ನ ಮಗ್ದಲೀನ್‌ಬಾಯಿ ತಾವೇ ನಡೆದುಕೊಂಡು ನಮ್ಮಲ್ಲಿಗೆ ಬಂದರು. "ಬೆಳಿಗ್ಗೆಯಿಂದ ನಿನ್ನ ಹೆಸರೇ ಹೇಳ್ತಾ ಇದ್ದಾನೆ. ಪಾದ್ರಿಗಳು ಬಂದು ಹೋದ್ರು. ನೀನೂ ಒಮ್ಮೆ ಬಾ ಅಮ್ಮಣಿ."

ಹೋದೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತೆ. ಆ ಉದ್ದ ಮನುಷ್ಯ ಹೊದಿಕೆಯ ಅಡಿಯಲ್ಲಿ ಇದ್ದಾರೋ ಇಲ್ಲವೋ ಎನ್ನುವಷ್ಟಾಗಿದ್ದರು. ಮಾತು ಸ್ಪಷ್ಟವಾಗಿತ್ತು, ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು.

"ನಿನ್ನೆ ಅಕ್ಕ ಮಂಚ ತಿರುಗಿಸಿದಳು. ತಲೆ ಇದ್ದ ಕಡೆ ಕಾಲು, ಕಾಲು ಇದ್ದ ಕಡೆ ತಲೆ. ಗಾಳಿ ಬರಲಿ ಅಂತ."

"ಹೌದಾ ಪೊರ್ಬುಗಳೇ."

"ಬೆಳಿಗ್ಗೆ ನೀರು ಬೇಕಾಯ್ತು. ಚೊಂಬು ಯಾವಾಗಲೂ ಕಿಟಕಿಯಲ್ಲಿ. ಬಲಗೈ ಚಾಚಿದೆ. ಕೈ ಗೋಡೆಗೆ ಬಡಿಯಿತು." ಬೆರಳಿನ ಗಂಟು ತೋರಿಸಿದರು, ಸಿಪ್ಪೆ ಹೋಗಿತ್ತು. "ಕಿಟಕಿ ಎಲ್ಲಿಗೆ ಹೋಯ್ತು ಅಂತ ನೋಡಿದೆ. ಎಲ್ಲಿಗೂ ಹೋಗಲಿಲ್ಲ. ತೆಂಕುಗೋಡೆಯಲ್ಲೇ ಉಂಟು. ಆದ್ರೆ ಈಗ ನನ್ನ ಎಡಕ್ಕೆ."

ನನ್ನ ಎರಡೂ ಕಾಲು ನೆಲವನ್ನು ಒತ್ತಿ ಹಿಡಿದಿದ್ದವು, ಅಂದು ಬ್ರೇಕನ್ನು ಒತ್ತಿದ ಹಾಗೆ.

ಅವರು ಕಣ್ಣು ಮುಚ್ಚಿದರು. ಚಕ್ರ ಹಿಡಿದು ನೋಡುವಾಗಿನ ಅದೇ ಮುಖ. ಆ ಕೈ ಹೊದಿಕೆಯ ಮೇಲೆ ಮೆಲ್ಲಗೆ ಹುಡುಕಿಕೊಂಡು ಬಂದು ನನ್ನ ಕೈಯನ್ನು ಹಿಡಿಯಿತು. ಒಂದು ಸಲ ಅಲುಗಿಸಿತು.

"ಅಮ್ಮಣಿ, ಗ್ರೆಗರಿ ಬುಷ್ಷು ಹಾಕುವಾಗ ಶೆಡ್ಡಿನೊಳಗೆ ಗಾಡಿಯ ಮುಖ ಯಾವ ಕಡೆಗಿತ್ತು?"